ಹಳದಿ-ಕೆಂಪು ಸಾಕು, ನಡುವೆ ರಾಜಮುದ್ರೆ ಬೇಡ

ಅಕ್ಟೋಬರ್ ಕೊನೆಯ ವಾರ ಬಂತೆಂದರೆ ಕಲಬುರಗಿ ಜಿಲ್ಲೆಯ ವಾಡಿ, ಶಹಾಬಾದ್, ಚಿತ್ತಾಪುರ, ಸೇಡಂ, ಚಿಂಚೋಳಿಯ ಬಜಾರುಗಳಲ್ಲಿ ಹಳದಿ-ಕೆಂಪು ಬಟ್ಟೆಯ ವ್ಯಾಪಾರ ಜೋರಾಗುತ್ತದೆ. ಆಟೊಗಳ ಮುಂದೆ ಪುಟ್ಟ ಬಾವುಟ, ವೃತ್ತಗಳಲ್ಲಿ ತೋರಣ, ಸಂಘದವರ ಹೆಗಲ ಮೇಲೆ ಶಲ್ಯ, ಶಾಲೆಯ ಝಂಡಾ ಕಟ್ಟೆಯ ಸುತ್ತ ರಂಗೋಲಿ. ನವೆಂಬರ್ 1ರ ಬೆಳಿಗ್ಗೆ ತಾಯಿ ಭುವನೇಶ್ವರಿಯ ಚಿತ್ರ ಹೊತ್ತ ಮೆರವಣಿಗೆ ಹೊರಟಾಗ ಈ ಎರಡು ಬಣ್ಣಗಳನ್ನು ಗುರುತಿಸದವರು ಒಬ್ಬರೂ ಸಿಗುವುದಿಲ್ಲ. ಆದರೆ ಇಷ್ಟು ಜನ ಹಿಡಿಯುವ ಬಾವುಟಕ್ಕೆ ಕಾನೂನಿನ ಪುಸ್ತಕದಲ್ಲಿ ಒಂದು ಸಾಲಿನ ಜಾಗವೂ ಇಲ್ಲ.

ಜಾಗ ಕೊಡಿಸುವ ಪ್ರಯತ್ನ ನಡೆದದ್ದುಂಟು. 2017ರಲ್ಲಿ ರಾಜ್ಯ ಸರ್ಕಾರ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಪ್ರಧಾನ ಕಾರ್ಯದರ್ಶಿಯ ನೇತೃತ್ವದಲ್ಲಿ ಒಂಬತ್ತು ಜನರ ಸಮಿತಿ ಮಾಡಿತು. ಹಿರಿಯ ಪತ್ರಕರ್ತ ಪಾಟೀಲ ಪುಟ್ಟಪ್ಪ ಮತ್ತಿತರರು ಸಲ್ಲಿಸಿದ ಮನವಿ ಅದರ ಹಿಂದಿತ್ತು. 2018ರ ಮಾರ್ಚ್ 8ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಹೊಸ ಧ್ವಜವೊಂದನ್ನು ಬಿಡುಗಡೆ ಮಾಡಿದರು. ಮೇಲೆ ಹಳದಿ, ನಡುವೆ ಬಿಳಿ, ಕೆಳಗೆ ಕೆಂಪು. ಬಿಳಿಯ ಪಟ್ಟಿಯ ಮೇಲೆ ರಾಜ್ಯದ ಲಾಂಛನವಾದ ಗಂಡಭೇರುಂಡ. ಕಡತ ದೆಹಲಿಗೆ ಹೋಯಿತು. ಅದೇ ವರ್ಷದ ಮೇ ತಿಂಗಳಲ್ಲಿ ವಿಧಾನಸಭೆ ಚುನಾವಣೆ ಬಂದು ಹೋಯಿತು, ಸರ್ಕಾರಗಳು ಬದಲಾದವು, ಕೇಂದ್ರದ ಒಪ್ಪಿಗೆ ಮಾತ್ರ ಬರಲಿಲ್ಲ. ಬೀದಿಯಲ್ಲಿ ಅಂದೂ ಇಂದೂ ಹಾರುತ್ತಿರುವುದು ಹಳೆಯ ಎರಡು ಬಣ್ಣದ ಬಾವುಟವೇ.

ರಾಜ್ಯಕ್ಕೆ ಪ್ರತ್ಯೇಕ ಧ್ವಜ ಬೇಕೇ ಬೇಡವೇ ಎಂಬ ಚರ್ಚೆ ಬೆಂಗಳೂರಿನಲ್ಲಿ ಬೇಕಾದಷ್ಟು ನಡೆದಿದೆ. ಯಾವ ಧ್ವಜ ಎಂಬ ಪ್ರಶ್ನೆಯನ್ನು ಕೇಳಿದವರು ಕಡಿಮೆ. ಕಾಗಿಣಾ ನದಿ ದಂಡೆಯ ಈ ಊರುಗಳಿಂದ ನೋಡಿದರೆ ಈ ಎರಡನೆಯ ಪ್ರಶ್ನೆಯೇ ದೊಡ್ಡದು. ಏಕೆಂದರೆ ಕನ್ನಡನಾಡಿನ ಬೇರೆ ಯಾವ ಮೂಲೆಗಿಂತ ಹೆಚ್ಚು ಬಾವುಟಗಳನ್ನು ಈ ನೆಲ ಕಂಡಿದೆ, ಏರಿದ್ದನ್ನೂ ಇಳಿದದ್ದನ್ನೂ ನೋಡಿದೆ.

ಸೇಡಂ ತಾಲ್ಲೂಕಿನ ಮಳಖೇಡದಿಂದಲೇ ಶುರುಮಾಡಬಹುದು. ಇಂದು ಸಿಮೆಂಟ್ ಕಾರ್ಖಾನೆಯ ಚಿಮಣಿಗಳ ನೆರೆಯಲ್ಲಿ ಕುಸಿದ ಕೋಟೆಯೊಂದಿಗೆ ನಿಂತಿರುವ ಈ ಊರು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. 9ನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ‘ಕವಿರಾಜಮಾರ್ಗ’ ರಚಿಸಿ ಕನ್ನಡನಾಡಿನ ಎಲ್ಲೆ ಹೇಳಿದ್ದು ಎಲ್ಲರಿಗೂ ಗೊತ್ತು. ಅದೇ ಅರಸರ ಬಾವುಟದ ಹೆಸರು ಪಾಳಿಧ್ವಜ ಎಂಬುದು ಅಷ್ಟಾಗಿ ಗೊತ್ತಿಲ್ಲ. ಅವರ ಮುದ್ರೆಯ ಮೇಲೆ ಗರುಡ, ಮುಂದೆ ಸಾಗುವ ನಿಶಾನೆ ಪಾಳಿಧ್ವಜ. ಪಾಳಿ ಎಂದರೆ ಸಾಲು. ಅದು ಒಂದು ಬಟ್ಟೆಯ ತುಂಡಾಗಿರಲಿಲ್ಲ, ಧ್ವಜಗಳ ಸಾಲೇ ಆಗಿತ್ತು.

ಅದು ಹೇಗಿದ್ದಿರಬಹುದು ಎಂಬುದರ ಸುಳಿವು ಕೊಡುವವನು ಅಮೋಘವರ್ಷನ ಗುರುವೆಂದು ಖ್ಯಾತನಾದ ಆಚಾರ್ಯ ಜಿನಸೇನ. ಅವನ ಸಂಸ್ಕೃತ ‘ಆದಿಪುರಾಣ’ದಲ್ಲಿ ತೀರ್ಥಂಕರನ ಉಪದೇಶ ಸಭೆಯಾದ ಸಮವಸರಣದ ವರ್ಣನೆ ಬರುವಾಗ ಹತ್ತು ಬಗೆಯ ಧ್ವಜಗಳ ಮಾತಿದೆ: ಮಾಲೆ, ವಸ್ತ್ರ, ನವಿಲು, ಕಮಲ, ಹಂಸ, ಗರುಡ, ಸಿಂಹ, ವೃಷಭ, ಆನೆ, ಚಕ್ರ. ಒಂದೊಂದು ಬಗೆಯವು 108, ಅಂದರೆ ಒಂದು ದಿಕ್ಕಿಗೆ 1080, ನಾಲ್ಕು ದಿಕ್ಕಿಗೆ 4320. ಸಾಮ್ರಾಟನ ಪಾಳಿಧ್ವಜವನ್ನು ಅರ್ಥಮಾಡಿಕೊಳ್ಳಲು ವಿದ್ವಾಂಸರು ಈ ಭಾಗವನ್ನೇ ಆಧಾರವಾಗಿ ಹಿಡಿದಿದ್ದಾರೆ. ಒಂದೇ ಗುರುತಿನ ಹಟವಿಲ್ಲದೆ ಹತ್ತು ಗುರುತುಗಳನ್ನು ಒಟ್ಟಿಗೆ ಹಾರಿಸುವ ಕಲ್ಪನೆ ಸೇಡಂ ತಾಲ್ಲೂಕಿನ ನೆಲಕ್ಕೆ ಸಾವಿರ ವರ್ಷಕ್ಕೂ ಹಿಂದಿನ ಪರಿಚಯ.

ಆದರೆ ಅದನ್ನು ರಾಷ್ಟ್ರಕೂಟರೇ ಕಂಡುಹಿಡಿದದ್ದೂ ಅಲ್ಲ. ಬಾದಾಮಿಯ ಚಾಲುಕ್ಯ ವಿನಯಾದಿತ್ಯ ಉತ್ತರಾಪಥದ ಒಡೆಯನನ್ನು ಮಣಿಸಿ ಪಾಳಿಧ್ವಜವನ್ನು ಪಡೆದನೆಂದು ಚಾಲುಕ್ಯ ಶಾಸನಗಳು ಹೇಳುತ್ತವೆ. ಚಾಲುಕ್ಯರನ್ನು ಉರುಳಿಸಿದ ರಾಷ್ಟ್ರಕೂಟರ ಬಿರುದಾವಳಿಯಲ್ಲೂ ಅದೇ ಧ್ವಜ ಕಾಣಿಸಿಕೊಳ್ಳುತ್ತದೆ. ರಾಜರ ಕಾಲದಲ್ಲಿ ಬಾವುಟ ಗೆದ್ದವನ ಸೊತ್ತು. ಬನವಾಸಿಯ ಕದಂಬರದು ಸಿಂಹ ಲಾಂಛನ, ವಾನರ ಧ್ವಜ. ಚಾಲುಕ್ಯರದು ವರಾಹ. ಕಲ್ಯಾಣದಲ್ಲಿ ಕೂತ ಕಳಚುರಿ ಬಿಜ್ಜಳನ ವಂಶದ್ದು ಸುವರ್ಣ ವೃಷಭಧ್ವಜ. ದೇವಗಿರಿಯ ಸೇವುಣರದೂ ಸವದತ್ತಿಯ ರಟ್ಟರದೂ ಚಿನ್ನದ ಗರುಡ. ಹಂದಿ, ಕೋತಿ, ಗೂಳಿ, ಗರುಡ ಎಲ್ಲವೂ ಕನ್ನಡ ನೆಲದ ಮೇಲೆ ಹಾರಿಹೋಗಿವೆ. ಇವುಗಳಲ್ಲಿ ಯಾವುದೊಂದನ್ನು ಆರಿಸಿ ‘ಇದೇ ಕರ್ನಾಟಕ’ ಎಂದರೂ ಉಳಿದವರ ನಾಡು ಹೊರಗೆ ನಿಲ್ಲುತ್ತದೆ.

ಗಂಡಭೇರುಂಡದ ಕಥೆಯೂ ಅಷ್ಟೇ. ಎರಡು ತಲೆಯ ಈ ಹಕ್ಕಿ ಶಿಲ್ಪವಾಗಿ ಬಹಳ ಹಳೆಯದು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ 1047ರಲ್ಲಿ ನೆಟ್ಟ ಗಂಡಭೇರುಂಡ ಸ್ತಂಭ ಇನ್ನೂ ನಿಂತಿದೆ. ವಿಜಯನಗರದ ಅಚ್ಯುತರಾಯ ಅದನ್ನು ನಾಣ್ಯದ ಮೇಲೆ ಅಚ್ಚು ಹಾಕಿಸಿದ. ಮೈಸೂರಿನ ಒಡೆಯರು ಅದನ್ನು ತಮ್ಮ ರಾಜಲಾಂಛನ ಮಾಡಿಕೊಂಡರು, ಅಲ್ಲಿಂದ ಅದು ಮೈಸೂರು ರಾಜ್ಯದ, ಮುಂದೆ ಕರ್ನಾಟಕದ ಸರ್ಕಾರಿ ಮುದ್ರೆಯಾಯಿತು. ಮೇಲೆ ಅಶೋಕನ ಸಿಂಹಗಳು, ಎರಡೂ ಬದಿಗೆ ಆನೆಯ ಮುಖ ಸಿಂಹದ ಮೈಯ ಪ್ರಾಣಿಗಳು, ಕೆಳಗೆ ‘ಸತ್ಯಮೇವ ಜಯತೇ’. ಮುದ್ರೆಯಾಗಿ ಅದು ಚೆಂದ. ಪಹಣಿಯ ಮೇಲಿರಲಿ, ವಿಧಾನಸೌಧದ ಮೇಲಿರಲಿ, ಯಾರಿಗೂ ತಕರಾರಿಲ್ಲ. ಆದರೆ ಸೇಡಂ, ಚಿಂಚೋಳಿ ಕಡೆಯ ಹಳ್ಳಿಗಳಿಗೆ ಅದು ಬಂದದ್ದು 1956ರ ನಂತರ, ಅದೂ ಕಂದಾಯದ ಕಾಗದ ಮತ್ತು ಕಚೇರಿಯ ಫಲಕಗಳ ಮೂಲಕ. ಈ ಭಾಗದ ಅಜ್ಜ-ಅಜ್ಜಿಯರ ನೆನಪಿನಲ್ಲಿ ಆ ಹಕ್ಕಿಗೆ ಗೂಡಿಲ್ಲ.

ಅವರ ನೆನಪಿನಲ್ಲಿ ಇದ್ದದ್ದು ಬೇರೊಂದು ಬಾವುಟ. ಅದರ ಬಣ್ಣವೂ ಹಳದಿಯೇ.

ಹೈದರಾಬಾದ್ ಸಂಸ್ಥಾನದ ಆಸಫ್‌ಜಾಹಿ ಧ್ವಜಕ್ಕೆ ಹಳದಿ ನೆಲ, ನಡುವೆ ಬಿಳಿಯ ದುಂಡು. ಆ ದುಂಡು ಕುಲ್ಚಾ ರೊಟ್ಟಿ ಎಂದು ಜನಪ್ರಿಯ ಕಥೆಯೊಂದು ಹೇಳುತ್ತದೆ. ಮೊದಲ ನಿಜಾಮ ದಖ್ಖನಿಗೆ ಹೊರಡುವ ಮುನ್ನ ಸೂಫಿ ಸಂತರೊಬ್ಬರನ್ನು ಕಂಡನಂತೆ. ಅವರು ಹಳದಿ ಬಟ್ಟೆಯಲ್ಲಿ ಸುತ್ತಿ ಕೊಟ್ಟ ಕುಲ್ಚಾಗಳಲ್ಲಿ ಏಳನ್ನು ತಿಂದನಂತೆ. ನಿನ್ನ ವಂಶ ಏಳು ತಲೆಮಾರು ಆಳುತ್ತದೆ ಎಂದು ಸಂತರು ಹರಸಿದರಂತೆ. ಕಥೆ ನಿಜವೋ ಕಟ್ಟಿದ್ದೋ, ಆಸಫ್ ಜಾ ಬಿರುದಿನ ನಿಜಾಮರು ಏಳೇ ಜನ ಆದರು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಹಳಿ ತೆರೆದಾಗ ಚಿತ್ತಾಪುರ, ಮಳಖೇಡ ರೋಡ್, ಸೇಡಂ ದಾಟಿ ಸಾಗಿದ್ದು ನಿಜಾಮನ ರೈಲು. ಬ್ರಿಟಿಷ್ ಇಂಡಿಯಾದ ಕಡೆಯಿಂದ ಬಂದ ಮುಂಬೈ-ಮದ್ರಾಸ್ ಮಾರ್ಗಕ್ಕೆ ಅದು ಕೂಡುತ್ತಿದ್ದುದು ವಾಡಿಯಲ್ಲಿ. ನೃಪತುಂಗನ ರಾಜಧಾನಿಯ ಪಕ್ಕದಲ್ಲೇ ಹಳದಿ ಧ್ವಜದ ಸಂಸ್ಥಾನದ ಗಾಡಿ ಓಡುತ್ತಿತ್ತು.

1947ರ ಆಗಸ್ಟ್ 15ರಂದು ದೆಹಲಿಯಲ್ಲಿ, ಬೆಂಗಳೂರಿನಲ್ಲಿ, ಧಾರವಾಡದಲ್ಲಿ ತ್ರಿವರ್ಣ ಏರಿತು. ಶಹಾಬಾದ್‌ನಲ್ಲಿ, ಸೇಡಂನಲ್ಲಿ ಅದನ್ನು ಹಾರಿಸುವುದು ಅಪರಾಧ. ಭಾರತ ಒಕ್ಕೂಟ ಸೇರಬೇಕೆಂಬ ಚಳವಳಿಯನ್ನು ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಆಗಸ್ಟ್ 7ರಂದೇ ಶುರುಮಾಡಿತ್ತು. ಅದರ ನಾಯಕ ಸ್ವಾಮಿ ರಮಾನಂದ ತೀರ್ಥರನ್ನು ಸ್ವಾತಂತ್ರ್ಯದ ದಿನವೇ ಬಂಧಿಸಲಾಯಿತು. ಹಳ್ಳಿಗಳಲ್ಲಿ ಕದ್ದುಮುಚ್ಚಿ ಝಂಡಾ ಏರಿಸುವುದೇ ಹೋರಾಟದ ರೂಪವಾಯಿತು. ರಜಾಕಾರರ ಹಾವಳಿ, ಗಡಿಯಾಚೆಯ ಶಿಬಿರಗಳು, ಶರಣಗೌಡ ಇನಾಮದಾರರಂಥವರ ಸಾಹಸ ಎಲ್ಲ ಮುಗಿದು ಸೇನಾ ಕಾರ್ಯಾಚರಣೆಯ ನಂತರ 1948ರ ಸೆಪ್ಟೆಂಬರ್ 17ರಂದು ನಿಜಾಮ ಶರಣಾದ. ಒಂದು ವರ್ಷ, ಒಂದು ತಿಂಗಳು ತಡವಾಗಿ ಈ ಊರುಗಳಲ್ಲಿ ರಾಷ್ಟ್ರಧ್ವಜ ರಾಜಾರೋಷವಾಗಿ ಹಾರಿತು. ಹಾಗಾಗಿಯೇ ಕಲಬುರಗಿ ವಿಭಾಗದಲ್ಲಿ ಇಂದಿಗೂ ಸೆಪ್ಟೆಂಬರ್ 17ರಂದು ಸರ್ಕಾರಿ ಧ್ವಜಾರೋಹಣ ನಡೆಯುತ್ತದೆ. ಮೈಸೂರು, ಮಂಗಳೂರಿನ ಮಕ್ಕಳಿಗೆ ಗೊತ್ತಿಲ್ಲದ ಝಂಡಾ ದಿನ ಅದು.

ಕನ್ನಡದ ನಾಡಿಗೆ ಸೇರಲು ಇನ್ನೂ ಎಂಟು ವರ್ಷ ಕಾಯಬೇಕಾಯಿತು. 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆ ಕಲಬುರಗಿ ಜಿಲ್ಲೆಯನ್ನು ಮೈಸೂರು ರಾಜ್ಯಕ್ಕೆ ಕೊಟ್ಟಿತು. ಆದರೆ ಇಡೀ ಜಿಲ್ಲೆಯನ್ನಲ್ಲ. ಕೊಡಂಗಲ್ ಮತ್ತು ತಾಂಡೂರು ತಾಲ್ಲೂಕುಗಳು ಆಂಧ್ರ ಪ್ರದೇಶಕ್ಕೆ ಹೋದವು. ಜಿಲ್ಲೆಯ ನಡುವಿನ ತಾಲ್ಲೂಕುಗಳಾಗಿದ್ದ ಸೇಡಂ, ಚಿಂಚೋಳಿ ರಾತ್ರಿ ಬೆಳಗಾಗುವುದರೊಳಗೆ ಗಡಿ ತಾಲ್ಲೂಕುಗಳಾದವು. ನಾಡಿಗೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅಂದರೆ ನೃಪತುಂಗನ ಊರಿನವರು ಹದಿನೇಳು ವರ್ಷ ತಮ್ಮ ವಿಳಾಸದಲ್ಲಿ ‘ಮೈಸೂರು ರಾಜ್ಯ’ ಎಂದೇ ಬರೆದರು. ಈ ಇತಿಹಾಸ ತಿಳಿದವರಿಗೆ ಮೈಸೂರು ಅರಮನೆಯಿಂದ ಬಂದ ಹಕ್ಕಿಯನ್ನು ಧ್ವಜದ ನಡುವೆ ಕೂರಿಸಿದಾಗ ಸೇಡಂನವರಿಗೆ ಏಕೆ ರೋಮಾಂಚನ ಆಗಲಿಲ್ಲ ಎಂಬುದು ಅರ್ಥವಾಗುತ್ತದೆ.

ಹಳದಿ-ಕೆಂಪು ಬಾವುಟದ ಹುಟ್ಟು ಬೇರೆ ದಾರಿಯದು. 1960ರ ದಶಕದ ಬೆಂಗಳೂರಿನಲ್ಲಿ ಕನ್ನಡ ಸಿನಿಮಾಗಳಿಗೆ ಚಿತ್ರಮಂದಿರ ಸಿಗದ, ಕನ್ನಡಿಗರಿಗೆ ಕಾರ್ಖಾನೆಯಲ್ಲಿ ಕೆಲಸ ಸಿಗದ ಕಾಲ. ಪತ್ರಕರ್ತ, ಪತ್ತೇದಾರಿ ಕಾದಂಬರಿಕಾರ ಮ. ರಾಮಮೂರ್ತಿ ಆ ಚಳವಳಿಯ ಮುಂಚೂಣಿಯಲ್ಲಿದ್ದರು. ಅವರ ತಂದೆ ವೀರಕೇಸರಿ ಸೀತಾರಾಮ ಶಾಸ್ತ್ರಿಗಳು ಹೆಸರಾಂತ ಪತ್ರಕರ್ತರು. ಬೇರೆ ಬೇರೆ ಪಕ್ಷಗಳ ಬಾವುಟಗಳು ಎಲ್ಲೆಡೆ ಹಾರುವಾಗ ಕನ್ನಡಿಗರಿಗೊಂದು ಬಾವುಟ ಬೇಡವೇ ಎಂದು ಯೋಚಿಸಿದ ಅವರು ಅರಿಶಿನ-ಕುಂಕುಮದ ಬಣ್ಣಗಳನ್ನು ಆರಿಸಿದರು. ಅದು ಅವರೇ ಕಟ್ಟಿದ ಕನ್ನಡ ಪಕ್ಷದ ಬಾವುಟವಾಯಿತು. 1967ರ ಡಿಸೆಂಬರ್ 25ರಂದು ತಮ್ಮ ಜಮೀನಿನಲ್ಲಿ ಬಾವಿ ತೋಡಿಸುವಾಗ ಮಣ್ಣು ಕುಸಿದು ರಾಮಮೂರ್ತಿಯವರು ಇಬ್ಬರು ಮಕ್ಕಳೊಂದಿಗೆ ತೀರಿಕೊಂಡರು. ಪಕ್ಷ ಮಸುಕಾಯಿತು, ಬಾವುಟ ಉಳಿಯಿತು. ಗೋಕಾಕ್ ಚಳವಳಿಯ ಮೆರವಣಿಗೆಗಳಲ್ಲಿ, ಕಾವೇರಿ ಗಲಾಟೆಗಳಲ್ಲಿ, ಕ್ರಿಕೆಟ್ ಮೈದಾನದಲ್ಲಿ, ಅಮೆರಿಕದ ಕನ್ನಡ ಕೂಟಗಳಲ್ಲಿ ಅದೇ ಎರಡು ಪಟ್ಟಿ. ಯಾವ ಸರ್ಕಾರದ ಆದೇಶವೂ ಇಲ್ಲದೆ ಅದು ವಾಡಿಯ ಆಟೊ ಮೇಲೆ ಬಂದು ಕೂತಿತು.

ಒಂದು ಪಕ್ಷದ ಬಾವುಟ ನಾಡಿನ ಬಾವುಟವಾಗುವುದು ಸರಿಯೇ ಎಂದು ಕೇಳುವವರಿದ್ದಾರೆ. ಅವರು ತ್ರಿವರ್ಣದ ಚರಿತ್ರೆಯನ್ನು ನೋಡಬೇಕು. 1931ರಲ್ಲಿ ಕಾಂಗ್ರೆಸ್ ಒಪ್ಪಿಕೊಂಡ ಕೇಸರಿ-ಬಿಳಿ-ಹಸಿರು ಬಾವುಟದ ನಡುವೆ ಚರಕವಿತ್ತು. 1947ರ ಜುಲೈ 22ರಂದು ಸಂವಿಧಾನ ಸಭೆ ಆ ಬಣ್ಣಗಳನ್ನು ಉಳಿಸಿಕೊಂಡು ಚರಕದ ಬದಲಿಗೆ ಅಶೋಕ ಚಕ್ರವನ್ನು ಇಟ್ಟಿತು. ಪಕ್ಷದ ಗುರುತು ಹೋಯಿತು, ಜನ ಒಪ್ಪಿದ ಬಣ್ಣ ನಿಂತಿತು.

ಆ ಚಕ್ರದ ಒಡೆಯನಿಗೂ ಈ ಜಿಲ್ಲೆಗೂ ನಂಟಿದೆ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ, ಭೀಮಾ ದಂಡೆಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ, 1986ರಲ್ಲಿ ಕಾಳಿ ಗುಡಿ ಕುಸಿದಾಗ ಮೂರ್ತಿಗೆ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಸಿಕ್ಕಿತು. ಪಕ್ಕದ ಕನಗನಹಳ್ಳಿಯಲ್ಲಿ ಪುರಾತತ್ವ ಇಲಾಖೆ ಅಗೆದಾಗ ಮಹಾಸ್ತೂಪದ ಅವಶೇಷಗಳ ನಡುವೆ ಅಶೋಕನ ಶಿಲ್ಪವೇ ಹೊರಬಂತು, ಬ್ರಾಹ್ಮಿ ಲಿಪಿಯಲ್ಲಿ ಅವನ ಹೆಸರು ಕೆತ್ತಿದ ಶಿಲ್ಪ. ದೇಶದ ಬಾವುಟದ ಚಕ್ರ, ರಾಜ್ಯದ ಲಾಂಛನದ ಮೇಲಿನ ಸಿಂಹಗಳು ಎರಡೂ ನೆನಪಿಸುವ ದೊರೆಯ ಹೆಸರುಳ್ಳ ಪ್ರತಿಮೆ ಇರುವುದು ವಿಧಾನಸೌಧದಿಂದ ಬಹುದೂರದ ಈ ತಾಲ್ಲೂಕಿನಲ್ಲಿ. ಧ್ವಜ ಸಮಿತಿಗೆ ಸಂಕೇತಗಳ ಇತಿಹಾಸ ಬೇಕಿದ್ದರೆ ಒಮ್ಮೆ ಸನ್ನತಿಗೂ ಮಳಖೇಡಕ್ಕೂ ಬಂದು ಹೋಗಬಹುದಿತ್ತು.

2018ರ ಧ್ವಜದ ತೊಂದರೆ ಬರೀ ಪ್ರಾದೇಶಿಕ ಅಸಮಾಧಾನದ್ದಲ್ಲ, ವಿನ್ಯಾಸದ್ದೂ ಹೌದು. ಮಗುವೊಂದು ನೆನಪಿನಿಂದ ಬಿಡಿಸುವಂತಿರಬೇಕು, ಎರಡು-ಮೂರು ಬಣ್ಣ ಮೀರಬಾರದು, ಅಕ್ಷರ ಮತ್ತು ಮುದ್ರೆ ಇರಬಾರದು ಎಂಬುದು ಧ್ವಜಶಾಸ್ತ್ರ ಬಲ್ಲವರು ಸಾಮಾನ್ಯವಾಗಿ ಹೇಳುವ ಮಾತು. ಉತ್ತರ ಅಮೆರಿಕದ ಧ್ವಜ ಅಧ್ಯಯನ ಸಂಘ 2001ರಲ್ಲಿ ಅಮೆರಿಕ ಮತ್ತು ಕೆನಡಾದ ರಾಜ್ಯ, ಪ್ರಾಂತ್ಯಗಳ ಧ್ವಜಗಳಿಗೆ ಅಂಕ ಹಾಕಿಸಿದಾಗ ಮೊದಲ ಸ್ಥಾನ ಸಿಕ್ಕಿದ್ದು ನ್ಯೂ ಮೆಕ್ಸಿಕೊಗೆ. ಹಳದಿ ನೆಲದ ಮೇಲೆ ಕೆಂಪು ಸೂರ್ಯ, ಅಷ್ಟೇ. ಮಿನ್ನೆಸೋಟ ರಾಜ್ಯದ ಹಳೆಯ ಧ್ವಜದ ನಡುವೆ ಸರ್ಕಾರಿ ಮುದ್ರೆ ಇತ್ತು: ಬಿಳಿಯ ರೈತ ಹೊಲ ಉಳುತ್ತಿದ್ದಾನೆ, ಮೂಲನಿವಾಸಿ ಕುದುರೆ ಏರಿ ದೂರ ಹೋಗುತ್ತಿದ್ದಾನೆ. ಆ ಚಿತ್ರ ಯಾರನ್ನು ಮನೆಯವರೆಂದೂ ಯಾರನ್ನು ಹೊರಗಿನವರೆಂದೂ ಹೇಳುತ್ತಿತ್ತು ಎಂಬುದು ಕಣ್ಣಿಗೆ ರಾಚುವಂತಿತ್ತು. ಜನರಿಂದ ವಿನ್ಯಾಸಗಳನ್ನು ಕರೆದು, ಸಮಿತಿಯಲ್ಲಿ ಚರ್ಚಿಸಿ, 2024ರ ಮೇ 11ರಿಂದ ಅವರು ಮುದ್ರೆಯಿಲ್ಲದ ಹೊಸ ಧ್ವಜ ಹಾರಿಸುತ್ತಿದ್ದಾರೆ. ಜಗತ್ತು ಮುದ್ರೆಯನ್ನು ಧ್ವಜದಿಂದ ತೆಗೆಯುತ್ತಿರುವ ಕಾಲದಲ್ಲಿ ಕರ್ನಾಟಕ ಇಲ್ಲದಿದ್ದ ಮುದ್ರೆಯನ್ನು ತಂದು ಕೂರಿಸಲು ಹೊರಟಿತು.

ಶಹಾಬಾದ್‌ನ ಟೇಲರ್ ಅಂಗಡಿಯಲ್ಲಿ ಕೂತು ನೋಡಿದರೂ ಇದು ತಿಳಿಯುತ್ತದೆ. ಹಳದಿ ಬಟ್ಟೆ, ಕೆಂಪು ಬಟ್ಟೆ ಜೋಡಿಸಿ ಒಂದು ಹೊಲಿಗೆ ಹಾಕಿದರೆ ಬಾವುಟ ಸಿದ್ಧ. ಬಡವರ ಓಣಿಯ ಸಂಘವೂ ಮಾಡಿಸಿಕೊಳ್ಳಬಹುದು. ಗಂಡಭೇರುಂಡ, ಅದರ ಎರಡು ಬದಿಯ ಪ್ರಾಣಿಗಳು, ಸಿಂಹಗಳು, ಕೆಳಗಿನ ಅಕ್ಷರ ಇಷ್ಟನ್ನೂ ಬಟ್ಟೆಯ ಮೇಲೆ ತರಬೇಕೆಂದರೆ ಛಾಪಖಾನೆಗೇ ಹೋಗಬೇಕು. ಜನ ಕೈಯಾರೆ ಮಾಡಲಾಗದ ಬಾವುಟ ಸರ್ಕಾರದ್ದಾಗುತ್ತದೆ, ಜನರದ್ದಾಗುವುದಿಲ್ಲ.

ಕಾನೂನಿನ ಕಡೆ ಬಂದರೆ, ಸಂವಿಧಾನ ರಾಜ್ಯಧ್ವಜಕ್ಕೆ ಅವಕಾಶವನ್ನು ಬರೆದೂ ಇಲ್ಲ, ಬೇಡವೆಂದೂ ಹೇಳಿಲ್ಲ. ರಾಜ್ಯಗಳಿಗೆ ತಮ್ಮದೇ ಧ್ವಜ ಇರಬಾರದೆಂಬ ನಿಷೇಧವಿಲ್ಲ ಎನ್ನಲು ಬೆಂಬಲಿಗರು 1994ರ ಎಸ್.ಆರ್. ಬೊಮ್ಮಾಯಿ ಪ್ರಕರಣದ ತೀರ್ಪಿನತ್ತ ಕೈ ತೋರಿಸುತ್ತಾರೆ. ಜಮ್ಮು-ಕಾಶ್ಮೀರಕ್ಕೆ 1952ರಿಂದ ನೇಗಿಲಿನ ಗುರುತಿನ ಕೆಂಪು ಧ್ವಜವಿತ್ತು. 2019ರಲ್ಲಿ ವಿಶೇಷ ಸ್ಥಾನಮಾನ ಹೋದಾಗ ಅದೂ ಇಳಿಯಿತು. 1970ರಲ್ಲಿ ತಮಿಳುನಾಡಿನ ಕರುಣಾನಿಧಿ ರಾಜ್ಯಧ್ವಜದ ಪ್ರಸ್ತಾವ ಮುಂದಿಟ್ಟರೂ ಅದು ಕೈಗೂಡಲಿಲ್ಲ. ನಮ್ಮಲ್ಲೇ 2012ರಲ್ಲಿ ಡಿ.ವಿ. ಸದಾನಂದ ಗೌಡರ ಸರ್ಕಾರ ರಾಜ್ಯೋತ್ಸವದಂದು ಸರ್ಕಾರಿ ಕಟ್ಟಡಗಳಲ್ಲಿ ಕನ್ನಡ ಬಾವುಟ ಕಡ್ಡಾಯ ಎಂದಿತ್ತು. ವಿಷಯ ಹೈಕೋರ್ಟ್ ಮೆಟ್ಟಿಲೇರಿದ ಮೇಲೆ ಹಿಂದೆ ಸರಿಯಿತು.

ಕಾಶ್ಮೀರದ ನೆರಳು ಬಿದ್ದದ್ದರಿಂದಲೇ ಕರ್ನಾಟಕದ ಬೇಡಿಕೆಗೂ ಪ್ರತ್ಯೇಕತೆಯ ಬಣ್ಣ ಬಳಿಯಲಾಯಿತು. ಇದು ನ್ಯಾಯವಲ್ಲ. ತ್ರಿವರ್ಣ ಹಾರಿಸಲು ಹದಿಮೂರು ತಿಂಗಳು ಹೋರಾಡಿದ ಜನರ ಮಕ್ಕಳು ಮೊಮ್ಮಕ್ಕಳಿಗೆ ದೇಶಭಕ್ತಿಯ ಪಾಠ ಹೇಳುವ ಅಗತ್ಯ ಯಾರಿಗೂ ಇಲ್ಲ. ಅವರು ಸೆಪ್ಟೆಂಬರ್ 17ರಂದು ತ್ರಿವರ್ಣಕ್ಕೆ ಸಲಾಮು ಹೊಡೆದು ನವೆಂಬರ್ 1ರಂದು ಹಳದಿ-ಕೆಂಪನ್ನು ಹಿಡಿಯುತ್ತಾರೆ. ಎರಡರ ನಡುವೆ ಜಗಳ ಕಾಣುವುದಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಬಾವುಟದಿಂದ ಹೊಟ್ಟೆ ತುಂಬುತ್ತದೆಯೇ ಎಂದು ಚಿಂಚೋಳಿಯ ತಾಂಡಾಗಳಿಂದ ಮುಂಬೈ, ಹೈದರಾಬಾದಿಗೆ ಗುಳೆ ಹೋಗುವವರು ಕೇಳಿದರೆ ತಪ್ಪಿಲ್ಲ. ತೊಗರಿಯ ಬೆಲೆ, ಫರಸಿ ಖಣಿಯ ಕೂಲಿ, ಸಿಮೆಂಟ್ ದೂಳು ಇವುಗಳ ಮುಂದೆ ಧ್ವಜ ಚಿಕ್ಕ ವಿಷಯವೇ. ಈ ಭಾಗಕ್ಕೆ ಉದ್ಯೋಗ, ಶಿಕ್ಷಣದಲ್ಲಿ ಮೀಸಲು ಕೊಡುವ ಸಂವಿಧಾನದ 371(ಜೆ) ವಿಧಿ ಬರಲು ಚಿಂಚೋಳಿಯ ವೈಜನಾಥ ಪಾಟೀಲರಂಥವರು ದಶಕಗಟ್ಟಲೆ ಹೋರಾಡಬೇಕಾಯಿತು. ಹೈದರಾಬಾದ್ ಕರ್ನಾಟಕ ಎಂಬ ಹೆಸರು 2019ರಲ್ಲಿ ಕಲ್ಯಾಣ ಕರ್ನಾಟಕವಾಯಿತು, ಹೆಸರಿನ ವೇಗದಲ್ಲಿ ಹುದ್ದೆಗಳು ತುಂಬಲಿಲ್ಲ. ಈ ಸಿಟ್ಟು ಬಾವುಟದ ರೂಪ ತಾಳಿದ್ದೂ ಇದೆ. ರಾಜ್ಯೋತ್ಸವದ ದಿನವೇ ಕಲಬುರಗಿಯಲ್ಲಿ ಪ್ರತ್ಯೇಕ ರಾಜ್ಯದ ಧ್ವಜ ಹಾರಿಸಲು ಕೆಲವರು ಮುಂದಾಗುವುದು, ಪೊಲೀಸರು ತಡೆಯುವುದು ಒಂದಕ್ಕಿಂತ ಹೆಚ್ಚು ವರ್ಷ ನಡೆದಿದೆ.

ಆ ಪ್ರಯತ್ನಕ್ಕೆ ದೊಡ್ಡ ಜನಬೆಂಬಲವೇನೂ ಇಲ್ಲ. ಆದರೂ ಅದನ್ನು ತಮಾಷೆಯೆಂದು ತಳ್ಳಿಹಾಕಬಾರದು. ಒಂದು ಭಾಗದ ಜನ ಬೇರೆ ಬಾವುಟದ ಮಾತಾಡುತ್ತಿರುವಾಗ ಇನ್ನೊಂದು ಭಾಗದ ರಾಜಮನೆತನದ ಗುರುತನ್ನು ಎಲ್ಲರ ಬಾವುಟದ ಮೇಲೆ ಒತ್ತುವುದು ಜಾಣತನವಲ್ಲ. ಲಾಂಛನವಿಲ್ಲದ ಹಳದಿ-ಕೆಂಪು ಈ ಗಾಯಕ್ಕೆ ಉಪ್ಪು ಸವರುವುದಿಲ್ಲ. ಅದು ಮೈಸೂರಿನದಲ್ಲ, ಮಾನ್ಯಖೇಟದ್ದಲ್ಲ, ಕಲ್ಯಾಣದ್ದೂ ಅಲ್ಲ. ಬೀದಿಯಲ್ಲಿ ಹುಟ್ಟಿದ್ದು ಅದರ ಕೊರತೆಯಲ್ಲ, ಬಲ.

ಅರಿಶಿನ-ಕುಂಕುಮ ಒಂದು ಧರ್ಮದ ಗುರುತಲ್ಲವೇ, ವಾಡಿಯ ರೈಲ್ವೆ ಕಾಲೊನಿಯ, ಶಹಾಬಾದ್‌ನ ಉರ್ದು ಮಾತಾಡುವ ಮನೆಗಳಿಗೆ ಅದು ಹೇಗೆ ಒಗ್ಗುತ್ತದೆ ಎಂಬ ಪ್ರಶ್ನೆಯೂ ಬರುತ್ತದೆ. ಉತ್ತರ ಈ ನೆಲದ ಚರಿತ್ರೆಯಲ್ಲೇ ಇದೆ. ಇದೇ ಹಳದಿ ಒಮ್ಮೆ ನಿಜಾಮನ ಧ್ವಜದಲ್ಲಿ ಸೂಫಿ ಸಂತರ ಆಶೀರ್ವಾದದ ಬಣ್ಣವಾಗಿತ್ತು. ಮೊಹರಂನಲ್ಲಿ ಹೊರಡುವ ಪಂಜಾ, ಆಲಂಗಳು ಮೂಲದಲ್ಲಿ ಕರ್ಬಲಾದ ರಣಧ್ವಜದ ನೆನಪು. ಈ ಭಾಗದ ಹಳ್ಳಿಗಳಲ್ಲಿ ಅವುಗಳನ್ನು ಹೊತ್ತು ಕುಣಿಯುವವರಲ್ಲಿ, ಹರಕೆ ಹೊರುವವರಲ್ಲಿ ಎಲ್ಲ ಜಾತಿಯ ಹಿಂದೂಗಳೂ ಇದ್ದಾರೆ. ಬಣ್ಣಕ್ಕೆ ಪಿತ್ರಾರ್ಜಿತ ಹಕ್ಕುದಾರರು ಯಾರೂ ಇಲ್ಲ. ಸರ್ಕಾರ ಕಾನೂನು ಬರೆಯುವಾಗ ಈ ಬಣ್ಣಗಳಿಗೆ ಯಾವ ಧಾರ್ಮಿಕ ವ್ಯಾಖ್ಯಾನವನ್ನೂ ಅಂಟಿಸದಿದ್ದರೆ ಸಾಕು. ಜೊತೆಗೆ, ಆ ಬಾವುಟ ಹಿಡಿದು ಅಂಗಡಿಯವನನ್ನು ಹೆದರಿಸುವ, ಪರಭಾಷಿಕ ಕೂಲಿಕಾರನ ಮೇಲೆ ಕೈ ಮಾಡುವ ಕೆಲಸವನ್ನು ಕನ್ನಡ ಸಂಘಟನೆಗಳೇ ಮೊದಲು ಖಂಡಿಸಬೇಕು. ಗಡಿ ತಾಲ್ಲೂಕಿನಲ್ಲಿ ಕನ್ನಡ ಉಳಿದಿರುವುದು ತೆಲುಗು, ಉರ್ದು, ಮರಾಠಿ, ಲಂಬಾಣಿಯ ಜೊತೆ ಬೆರೆತೇ.

ಕಾನೂನು ಇಲ್ಲದಿರುವುದರ ನಷ್ಟ ಕಣ್ಣೆದುರೇ ಇದೆ. 2021ರ ಡಿಸೆಂಬರ್‌ನಲ್ಲಿ ಕೊಲ್ಹಾಪುರದಲ್ಲಿ ಕನ್ನಡ ಬಾವುಟ ಸುಟ್ಟಾಗ ರಾಜ್ಯವಿಡೀ ಕುದಿಯಿತು, ಪ್ರತಿಮೆಗಳ ಮೇಲೆ ಸಿಟ್ಟು ತಿರುಗಿತು. 1971ರ ರಾಷ್ಟ್ರೀಯ ಗೌರವ ಅವಮಾನ ತಡೆ ಕಾಯ್ದೆ ರಕ್ಷಿಸುವುದು ರಾಷ್ಟ್ರಧ್ವಜವನ್ನು. ಕನ್ನಡ ಬಾವುಟ ಅದರ ವ್ಯಾಪ್ತಿಗೆ ಬರುವುದಿಲ್ಲ. 2024ರ ಜನವರಿಯಲ್ಲಿ ಮಂಡ್ಯದ ಕೆರಗೋಡಿನಲ್ಲಿ 108 ಅಡಿಯ ಕಂಬದ ಮೇಲೆ ಯಾವ ಧ್ವಜ ಹಾರಬೇಕು ಎಂಬುದಕ್ಕೆ ಊರೇ ಬೀದಿಗಿಳಿಯಿತು. ಇತ್ತ ನವೆಂಬರ್ ಮುಗಿದರೂ ಇಳಿಸುವವರಿಲ್ಲದೆ ಬಿಸಿಲಿಗೆ ಬೆಳ್ಳಗಾಗಿ, ಗಾಳಿಗೆ ಚಿಂದಿಯಾಗಿ ವೃತ್ತಗಳಲ್ಲಿ ತೂಗುವ ಬಾವುಟಗಳು ಸೇಡಂನಲ್ಲೂ ಇವೆ, ಬೆಂಗಳೂರಿನಲ್ಲೂ ಇವೆ. ಹಳದಿಯ ಛಾಯೆ ಯಾವುದು, ಉದ್ದ-ಅಗಲದ ಅಳತೆ ಏನು, ಎಲ್ಲಿ ಹಾರಿಸಬೇಕು, ಯಾವಾಗ ಇಳಿಸಬೇಕು ಎಂಬುದಕ್ಕೆ ನಿಯಮವಿಲ್ಲದ ಕಡೆ ಅಭಿಮಾನಕ್ಕೂ ಅಸಡ್ಡೆಗೂ ಗೆರೆ ಉಳಿಯುವುದಿಲ್ಲ.

ಆದ್ದರಿಂದ ಆಗಬೇಕಾದದ್ದು ಇಷ್ಟು. 2018ರ ಮುದ್ರೆಯ ಧ್ವಜವನ್ನು ಕೈಬಿಟ್ಟು, ಜನ ಈಗಾಗಲೇ ಒಪ್ಪಿರುವ ಎರಡು ಬಣ್ಣದ ಬಾವುಟವನ್ನು ವಿಧಾನಮಂಡಲ ಮಸೂದೆಯ ಮೂಲಕ ಅಂಗೀಕರಿಸಲಿ. ರಾಷ್ಟ್ರಧ್ವಜಕ್ಕಿಂತ ಕೆಳಗೆ ಅದರ ಸ್ಥಾನ ಎಂಬುದನ್ನು ಮೊದಲ ಕಲಮಿನಲ್ಲೇ ಬರೆಯಲಿ. ದೆಹಲಿಯ ಅನುಮಾನಕ್ಕೆ ಅದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಅಳತೆ, ಬಣ್ಣ, ಹಾರಿಸುವ ಕ್ರಮ ನಿಗದಿಯಾಗಲಿ. ಸರ್ಕಾರಿ ಕಚೇರಿಗಳಿಗೆ ಬೇಕಾದ ಬಾವುಟಗಳನ್ನು ರಾಷ್ಟ್ರಧ್ವಜ ತಯಾರಿಸುವ ಹುಬ್ಬಳ್ಳಿಯ ಬೆಂಗೇರಿಯ ಖಾದಿ ಸಂಘದಿಂದಲೇ ಖರೀದಿಸಲಿ. ನೇಕಾರರಿಗೂ ನಾಲ್ಕು ದಿನ ಕೆಲಸ ಸಿಗುತ್ತದೆ. ಗಂಡಭೇರುಂಡ ಈಗಿರುವ ಗೌರವದ ಜಾಗದಲ್ಲಿ, ಸರ್ಕಾರಿ ಕಾಗದದ ಮೇಲೆ ಇರಲಿ.

ಮಸೂದೆಗೆ ಮುನ್ನ ಜನಾಭಿಪ್ರಾಯ ಕೇಳುವುದಾದರೆ ಒಂದು ಸಭೆ ಕಲಬುರಗಿಯಲ್ಲಿ ನಡೆಯಲೇಬೇಕು. ಅಲ್ಲಿಗೆ ಸೇಡಂನ ಮೇಷ್ಟ್ರು, ಚಿತ್ತಾಪುರದ ವಕೀಲರು, ವಾಡಿಯ ರೈಲ್ವೆ ನೌಕರರು, ಶಹಾಬಾದ್‌ನ ಕಲ್ಲು ಕಟೆಯುವವರು, ಚಿಂಚೋಳಿಯ ತಾಂಡಾದ ಹೆಣ್ಣುಮಕ್ಕಳು ಬಂದು ಮಾತಾಡುವಂತಾಗಲಿ. 2017ರ ಸಮಿತಿ ಮಾಡದ ಈ ಕೆಲಸವನ್ನು ಮುಂದಿನ ಸಮಿತಿಯಾದರೂ ಮಾಡಬೇಕು, ಮತ್ತು ಅದನ್ನು ಮಾಡಿಸುವ ಹೊಣೆ ಕಲ್ಯಾಣ ಕರ್ನಾಟಕದಿಂದ ಗೆದ್ದುಹೋದ ಶಾಸಕರ ಮೇಲಿದೆ.